ಚಿಕ್ಕಮ್ಮನ ಮದುವೆ ಕ್ಯಾಸೆಟ್ಟು ಡಿವಿಡಿಯಾದ ಬಗೆ

ಹಳೆಯ ವಿಡಿಯೋವನ್ನು ಡಿವಿಡಿಗೆ ಇಳಿಸುವಾಗ ತೊಂದರೆ ಕಾಣಿಸುವ ಜಾಗವೇ ಬೇರೆ, ಹುಟ್ಟುವ ಜಾಗವೇ ಬೇರೆ. ಟಿವಿಯಲ್ಲಿ ಚಿತ್ರ ನಡುಗಿದರೆ ಎಲ್ಲರೂ ಮೊದಲು ಬೈಯುವುದು ಡಿಸ್ಕನ್ನು. ಆಮೇಲೆ ಪ್ಲೇಯರನ್ನು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ವೈರ್ ಎಳೆದ ದಿನವೇ ಕೆಲಸ ಕೆಟ್ಟಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ನನ್ನ ಕೈಗೆ ಬಂದದ್ದು 1994ರ ಒಂದು ವಿಎಚ್‌ಎಸ್ ಕ್ಯಾಸೆಟ್. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಮನೆಯಂಗಳದ ಚಪ್ಪರದಡಿ ನಡೆದ ಚಿಕ್ಕಮ್ಮನ ಮದುವೆ. ಇ-180 ಕ್ಯಾಸೆಟ್, ಅಂದರೆ ಮೂರು ಗಂಟೆಯದು. ಅದರಲ್ಲಿ 2 ಗಂಟೆ 50 ನಿಮಿಷ ತುಂಬಿತ್ತು. ಇದಕ್ಕೂ ಮೊದಲು ಪೇಟೆಯ ಯಾವುದೋ ಅಂಗಡಿಯಲ್ಲಿ ಡಿಸ್ಕ್ ಮಾಡಿಸಿದ್ದರು. ಅದರಲ್ಲಿ ಮೂರು ಕಾಯಿಲೆ. ಪುರೋಹಿತರ ತುಟಿ ಆಡಿ ಎಷ್ಟೋ ಹೊತ್ತಾದ ಮೇಲೆ ಮಂತ್ರ ಕೇಳುತ್ತಿತ್ತು. ಯಾರಾದರೂ ಚಪ್ಪರದಲ್ಲಿ ಅಡ್ಡ ಹಾದರೆ ಅವರ ಮೈಯೆಲ್ಲ ನಡುಗುತ್ತಿತ್ತು. ಕೊನೆಯ ಅರ್ಧ ಗಂಟೆಯಲ್ಲಂತೂ ಚಿತ್ರ ಅಲ್ಲಲ್ಲೇ ನಿಂತು, ಚೌಕಚೌಕವಾಗಿ ಒಡೆದು, ಮತ್ತೆ ಎಲ್ಲೋ ಮುಂದಕ್ಕೆ ಹಾರುತ್ತಿತ್ತು.

"ಪೆನ್‌ಡ್ರೈವ್‌ಗೆ ಹಾಕಿ ಕೊಡ್ಲಾ ಚಿಕ್ಕಮ್ಮ?" ಅಂತ ಕೇಳಿದೆ.

"ಅದೆಲ್ಲ ನಂಗೆ ಗೊತ್ತಾಗಲ್ಲ ಮಾರಾಯ. ಡಿಸ್ಕ್ ಹಾಕಿದ್ರೆ ಓಡ್ಬೇಕು, ಅಷ್ಟೆ."

ಅವರ ಮನೆಯಲ್ಲಿ ಇರುವುದು ಹಳೆಯ ಡಬ್ಬಾ ಟಿವಿ, ಅದರ ಮೇಲೊಂದು ಡಿವಿಡಿ ಪ್ಲೇಯರ್. ಮಳೆಗಾಲದಲ್ಲಿ ಯಕ್ಷಗಾನದ ಡಿಸ್ಕ್‌ಗಳು ಅದರಲ್ಲೇ ಓಡುವುದು. ಯುಎಸ್‌ಬಿ ತೂತೂ ಇಲ್ಲ, ನೆಟ್ಟೂ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಡಿವಿಡಿಯೇ ಆಗಬೇಕು, ಅದೂ ಡಿವಿಡಿ-ವಿಡಿಯೋ ಪದ್ಧತಿಯದೇ ಆಗಬೇಕು. ಎಂಪಿ4 ಫೈಲನ್ನು ಡಿಸ್ಕಿಗೆ ಎಳೆದು ಹಾಕಿದರೆ ಕಂಪ್ಯೂಟರಿನಲ್ಲಿ ಓಡುತ್ತದೆ, ಇಂಥ ಪ್ಲೇಯರಿನಲ್ಲಿ ಓಡುವುದಿಲ್ಲ. ಅದಕ್ಕೆ ಬೇಕಾದ್ದು ಎಂಪೆಗ್-2 ಚಿತ್ರ, 48 ಕಿಲೋಹರ್ಟ್ಸ್ ಧ್ವನಿ, ಇವೆರಡನ್ನೂ ಹೆಣೆದ ವಿಒಬಿ ಫೈಲುಗಳು, ಜೊತೆಗೆ ಎಲ್ಲಿ ಏನಿದೆ ಎಂದು ಪ್ಲೇಯರಿಗೆ ತಿಳಿಸುವ ಐಎಫ್‌ಒ ಫೈಲುಗಳು.

ಅಂಗಡಿಯ ಡಿಸ್ಕನ್ನು ರಿಪೇರಿ ಮಾಡುವ ಗೋಜಿಗೆ ಹೋಗಲಿಲ್ಲ. ಒಮ್ಮೆ ಎಂಪೆಗ್-2 ಆಗಿ ಒತ್ತಿದ ಚಿತ್ರವನ್ನು ಬಿಚ್ಚಿ ಮತ್ತೆ ಒತ್ತಿದರೆ ಇದ್ದಬದ್ದ ವಿವರವೂ ಹೋಗುತ್ತದೆ. ಕ್ಯಾಸೆಟ್ಟಿನಿಂದಲೇ ಶುರು ಮಾಡಿದೆ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಸುರುಳಿಯ ಅಂಚಿಗೆ ಬಿಳಿ ಪುಡಿ. ಬೂಷ್ಟು. ಮಲೆನಾಡಿನ ಮನೆಗಳಲ್ಲಿ ಮರದ ಬೀರುವಿನೊಳಗೆ ಇಟ್ಟದ್ದಕ್ಕೆಲ್ಲ ಇದು ತಪ್ಪಿದ್ದಲ್ಲ. ಬೂಷ್ಟು ಹಿಡಿದ ಟೇಪನ್ನು ಹಾಗೇ ವಿಸಿಆರ್‌ಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ತುರುಕಿದರೆ ಪುಡಿ ಹೋಗಿ ಟೇಪನ್ನು ಓದುವ ಹೆಡ್ಡಿಗೆ ಅಂಟಿ ಚಿತ್ರವೇ ಮಾಯವಾಗುತ್ತದೆ. ಮೇಲಿಂದ ಅದೇ ವಿಸಿಆರ್‌ನಲ್ಲಿ ಮುಂದೆ ಹಾಕುವ ಕ್ಯಾಸೆಟ್ಟಿಗೂ ಬೂಷ್ಟು ದಾಟುತ್ತದೆ. ಕ್ಯಾಸೆಟ್ಟಿನ ಬೆನ್ನಿಗೆ ಐದು ಸ್ಕ್ರೂ ಇರುತ್ತವೆ. ಬಿಚ್ಚಿ, ಮೇಲಿನ ಹೊದಿಕೆ ಎತ್ತಿ, ಟೇಪ್ ಯಾವ ಉರುಳೆಯ ಹಿಂದೆ ಹೋಗಿ ಯಾವುದರ ಮುಂದೆ ಬರುತ್ತದೆಂದು ಫೋಟೋ ತೆಗೆದುಕೊಂಡೆ. ಫೋಟೋ ಇಲ್ಲದಿದ್ದರೆ ಮತ್ತೆ ಜೋಡಿಸುವುದು ದೇವರಿಗೇ ಪ್ರೀತಿ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ, ಸುರುಳಿಯ ಅಂಚನ್ನು ಮೆಲ್ಲಗೆ ಒರೆಸಿ, ಒಣಗಲು ಬಿಟ್ಟು, ಆಮೇಲೆ ಒಂದು ಕೈಯಲ್ಲಿ ಸುತ್ತುತ್ತ ಇನ್ನೊಂದು ಕೈಯಲ್ಲಿ ಟೇಪನ್ನು ಬಟ್ಟೆಯ ಮಡಿಕೆಯೊಳಗೆ ಹಾಯಿಸಿದೆ. ಬಟ್ಟೆಯ ಮೇಲೆ ಬೂದು ಬಣ್ಣದ ಗೆರೆ ಮೂಡುತ್ತಲೇ ಇತ್ತು. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುವುದು ಒಳ್ಳೆಯದು.

ವಿಸಿಆರ್‌ನ ಹೆಡ್ಡಿಗೂ ಇದೇ ಸೇವೆ. ಹತ್ತಿ ಸುತ್ತಿದ ಕಿವಿಕಡ್ಡಿ ಬೇಡ. ಎಳೆ ಹೆಡ್ಡಿನ ಚೂಪಿಗೆ ಸಿಕ್ಕಿಕೊಂಡರೆ ಅದರ ಕಥೆ ಮುಗಿಯಿತು. ಬಿಳಿ ಕಾಗದದ ತುಂಡಿಗೆ ಆಲ್ಕೋಹಾಲ್ ಹಚ್ಚಿ, ಹೆಡ್ಡು ಕೂತಿರುವ ತಿರುಗುವ ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಿಂದ ಅಡ್ಡಕ್ಕೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಲೇಬಾರದು.

ಕ್ಯಾಪ್ಚರ್‌ಗೆ, ಅಂದರೆ ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವುದಕ್ಕೆ, ಕೈಗೆ ಮೊದಲು ಸಿಕ್ಕಿದ್ದು ಒಂದು ಅಗ್ಗದ ಯುಎಸ್‌ಬಿ ಸ್ಟಿಕ್. ಹಳದಿ, ಬಿಳಿ, ಕೆಂಪು ವೈರ್ ಚುಚ್ಚಿದರೆ ಚಿತ್ರವೇನೋ ಬಂತು. ಪೂರ್ತಿ ಕ್ಯಾಪ್ಚರ್ ಮಾಡಿ ನೋಡಿದರೆ ದಿಬ್ಬಣ ಬರುವಾಗ ವಾಲಗದವರ ಕೆನ್ನೆಗೂ ನಾದಕ್ಕೂ ಹೊಂದಿಕೆ ಇದೆ. ಧಾರೆಯ ಹೊತ್ತಿಗೆ ಇಲ್ಲ. ಅಂಗಡಿ ಡಿಸ್ಕಿನ ಮೊದಲ ಕಾಯಿಲೆಯೇ ಇದು. ಧ್ವನಿ ಹೊಂದದಿದ್ದಾಗ ಮೊದಲು ನೋಡಬೇಕಾದ್ದು ಅದು ಹೇಗೆ ಹೊಂದುತ್ತಿಲ್ಲ ಎನ್ನುವುದನ್ನು. ಶುರುವಿನಿಂದ ಕೊನೆಯವರೆಗೂ ಒಂದೇ ಅಳತೆಯಲ್ಲಿ ಹಿಂದಿದ್ದರೆ ಎಡಿಟಿಂಗ್‌ನಲ್ಲಿ ಧ್ವನಿಯ ಪಟ್ಟಿಯನ್ನು ಅಷ್ಟು ಸರಿಸಿದರೆ ಸಾಕು. ಸಮನಾಗಿ ಹೆಚ್ಚುತ್ತ ಹೋದರೆ ಚಿತ್ರದ ಗಡಿಯಾರವೂ ಧ್ವನಿಯ ಗಡಿಯಾರವೂ ಬೇರೆಬೇರೆ ಓಡಿವೆ. ಉದ್ದವನ್ನು ಹಿಗ್ಗಿಸಿ ಕುಗ್ಗಿಸಿ ಸರಿ ಮಾಡಬಹುದು. ಒಂದು ಜಾಗದವರೆಗೆ ಸರಿಯಿದ್ದು ಅಲ್ಲಿ ಗಕ್ಕನೆ ತಪ್ಪಿದರೆ ಅಲ್ಲಿ ಫ್ರೇಮುಗಳು, ಅಂದರೆ ವಿಡಿಯೋದ ಬಿಡಿ ಚಿತ್ರಗಳು, ಬಿದ್ದುಹೋಗಿವೆ. ನನ್ನದು ಮೂರನೆಯದು. ಟೇಪಿನಲ್ಲಿ ಸಿಗ್ನಲ್ ಬಡವಾದ ಕಡೆಯೆಲ್ಲ ಸ್ಟಿಕ್ಕು ಫ್ರೇಮುಗಳನ್ನು ನುಂಗಿತ್ತು, ಧ್ವನಿಯನ್ನು ಮಾತ್ರ ಬಿಡದೆ ಹಿಡಿದಿತ್ತು. ಹೀಗಾದಾಗ ಸರಿಪಡಿಸುತ್ತ ಕೂರುವುದು ದಂಡ. ಮತ್ತೆ ಕ್ಯಾಪ್ಚರ್ ಮಾಡುವುದೇ ಕ್ಷೇಮ.

ಗೆಳೆಯನೊಬ್ಬನ ಹತ್ತಿರ ಮಿನಿಡಿವಿ ಹ್ಯಾಂಡಿಕ್ಯಾಮ್ ಇತ್ತು, ಅದಕ್ಕೆ ಹೊರಗಿನ ಚಿತ್ರ, ಧ್ವನಿಯನ್ನು ಒಳಗೆ ಬಿಟ್ಟುಕೊಳ್ಳುವ ಎವಿ-ಇನ್ ಕೂಡ ಇತ್ತು. ಇದು ಎಲ್ಲ ಮಾಡೆಲ್‌ಗಳಲ್ಲಿ ಇರುವುದಿಲ್ಲ, ಕೇಳಿ ತರಬೇಕು. ವಿಸಿಆರ್‌ನ ವೈರನ್ನು ಹ್ಯಾಂಡಿಕ್ಯಾಮಿಗೆ ಕೊಟ್ಟು, ಅದರ ಮೆನುವಿನಲ್ಲಿ ಎವಿಯಿಂದ ಡಿವಿ ಔಟ್ ಅನ್ನುವುದನ್ನು ಆನ್ ಮಾಡಿದರೆ, ಒಳಗೆ ಟೇಪ್ ಇಲ್ಲದೆಯೇ ಚಿತ್ರ ಮತ್ತು ಧ್ವನಿ ಒಟ್ಟಿಗೇ ಡಿಜಿಟಲ್ ಆಗಿ ಫೈರ್‌ವೈರ್ ಕೇಬಲ್ಲಿನಲ್ಲಿ ಹೊರಬರುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಡಿಜಿಟಲ್ ಆಗುವುದರಿಂದ ಬೇರೆಬೇರೆ ದಾರಿ ಹಿಡಿಯುವುದಿಲ್ಲ. ಫೈರ್‌ವೈರ್ ಕಾರ್ಡಿದ್ದ ಹಳೆಯ ಡೆಸ್ಕ್‌ಟಾಪ್ ಒಂದನ್ನು ಅಟ್ಟದಿಂದ ಇಳಿಸಿದೆ. ಕ್ಯಾಪ್ಚರ್‌ಗೆ ವಿನ್‌ಡಿವಿ ಎಂಬ ಪುಟ್ಟ ಉಚಿತ ತಂತ್ರಾಂಶ. ಅದರಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ಎಷ್ಟು ಫ್ರೇಮ್ ಬಿದ್ದವೆಂದು ಅಲ್ಲೇ ತೋರಿಸುವ ಲೆಕ್ಕ. ಅದು ಸೊನ್ನೆಯಲ್ಲೇ ನಿಂತಿದ್ದರೆ ಕೆಲಸ ಸರಿಯಾಗಿದೆ.

ಸೊನ್ನೆಯಲ್ಲೇ ನಿಂತಿತ್ತು, ಆದರೆ ಕ್ಯಾಪ್ಚರ್ 19 ನಿಮಿಷ ಚಿಲ್ಲರೆಗೆ ನಿಂತುಹೋಗುತ್ತಿತ್ತು. ಟೇಪಿನಲ್ಲಿ ಅಲ್ಲೇನೋ ಗಾಯ ಇರಬೇಕೆಂದು ಎಲ್ಲರಿಗೂ ಅನಿಸುವಂಥದ್ದು. ಟೇಪನ್ನು ಮುಂದಕ್ಕೆ ಓಡಿಸಿ ಬೇರೆ ಜಾಗದಿಂದ ಶುರು ಮಾಡಿದೆ. ಅಲ್ಲಿಂದಲೂ 19 ನಿಮಿಷಕ್ಕೇ ನಿಂತಿತು. ಹಾಗಾದರೆ ಟೇಪಿನ ದೋಷವಲ್ಲ. ಡಿವಿ, ಅಂದರೆ ಹ್ಯಾಂಡಿಕ್ಯಾಮಿನಿಂದ ಹೊರಬರುವ ಡಿಜಿಟಲ್ ವಿಡಿಯೋ, ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. 19 ನಿಮಿಷ ಚಿಲ್ಲರೆ ಅಂದರೆ 4 ಜಿಬಿ. ಎಕ್ಸ್‌ಟರ್ನಲ್ ಡ್ರೈವ್ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿತ್ತು, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಆ ಮಿತಿ ಇಲ್ಲದ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದ ಮೇಲೆ ಇಡೀ ಕ್ಯಾಸೆಟ್ ಒಂದೇ ಓಟದಲ್ಲಿ ಇಳಿಯಿತು. 37 ಜಿಬಿ ಹತ್ತಿರ. ತುಟಿಗೂ ಮಾತಿಗೂ ಕೊನೆಯವರೆಗೆ ತಾಳ ತಪ್ಪಲಿಲ್ಲ.

ಎಡಿಟಿಂಗ್‌ನಲ್ಲಿ ದೊಡ್ಡ ಕೆಲಸವೇನಿರಲಿಲ್ಲ. 94ರ ಸ್ಟುಡಿಯೋದವರು ತಮ್ಮ ಮಿಕ್ಸಿಂಗ್ ಕಲೆಯನ್ನೆಲ್ಲ ಆಗಲೇ ಅದರಲ್ಲಿ ಸುರಿದಿದ್ದರು: ಹೃದಯದ ಆಕಾರದೊಳಗೆ ವಧೂವರರು, ತಾವರೆ ಅರಳಿದರೆ ಅದರ ನಡುವೆ ಚಿಕ್ಕಪ್ಪನ ಮುಖ, ಮೂಲೆಯಿಂದ ಮೂಲೆಗೆ ಮಗುಚುವ ಚೌಕಗಳು. ಅದನ್ನು ಮುಟ್ಟಲಿಲ್ಲ. ಅವು ಇರಬೇಕು. ನನಗೆ ಇದ್ದ ಕೆಲಸ ಅಲ್ಲಲ್ಲಿ ಕತ್ತರಿಸುವುದು ಮತ್ತು ಚಿತ್ರದ ಬುಡದಲ್ಲಿ ಬುಸುಗುಡುವ ಗೆರೆಗಳನ್ನು ಮುಚ್ಚುವುದು. ವಿಸಿಆರ್‌ನ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವ ಜಾಗವದು. ಡಬ್ಬಾ ಟಿವಿ ಚಿತ್ರದ ಅಂಚನ್ನು ಹೇಗೂ ನುಂಗುತ್ತದೆ, ಅಲ್ಲಿ ಕಾಣುವುದಿಲ್ಲ. ಕಂಪ್ಯೂಟರಿನಲ್ಲೂ ಹೊಸ ಟಿವಿಯಲ್ಲೂ ಕಾಣುತ್ತದೆ. ಆ ಗೆರೆಗಳನ್ನು ಕತ್ತರಿಸಿ ಉಳಿದದ್ದನ್ನು ಎಳೆದು ದೊಡ್ಡದು ಮಾಡಬಾರದು, ಕಪ್ಪು ಪಟ್ಟಿ ಹಾಕಿ ಮುಚ್ಚಬೇಕು. ಯಾಕೆಂದರೆ ಈ ಚಿತ್ರ ಇಂಟರ್‌ಲೇಸ್ ಆಗಿದೆ, ಅಂದರೆ ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಚಿತ್ರಗಳನ್ನು ಹೆಣೆದದ್ದು. ಅದನ್ನು ಮೇಲೆ ಕೆಳಗೆ ಹಿಗ್ಗಿಸಿದರೆ ಬೆಸ ಗೆರೆಯೂ ಸರಿ ಗೆರೆಯೂ ಕಲಸಿಹೋಗುತ್ತವೆ.

ಈ ಇಂಟರ್‌ಲೇಸ್ ವಿಷಯದಲ್ಲೇ ಎರಡನೇ ಕಾಯಿಲೆಯ ಬೇರು ಇದ್ದದ್ದು. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಒಂದೊಂದರಲ್ಲೂ ಎರಡು ಫೀಲ್ಡು. ಒಂದು ಫೀಲ್ಡಿನಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸರಿ ಗೆರೆಗಳು, ಎರಡೂ ಬೇರೆಬೇರೆ ಗಳಿಗೆಯಲ್ಲಿ ಹಿಡಿದವು. ಅಂದರೆ ಸೆಕೆಂಡಿಗೆ 50 ಗಳಿಗೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ನನ್ನ ಎಡಿಟಿಂಗ್ ತಂತ್ರಾಂಶ ಎಕ್ಸ್‌ಪೋರ್ಟ್ ಮಾಡುವಾಗ ಮೇಲಿನದು ಮೊದಲು ಅಂದುಕೊಂಡಿತ್ತು. ಪರಿಣಾಮ: ಚಪ್ಪರದಲ್ಲಿ ಕೊಡಪಾನ ಹಿಡಿದು ನಡೆಯುವ ಹೆಂಗಸು ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಮತ್ತೆ ಮೂರು ಮುಂದೆ, ಸೆಕೆಂಡಿಗೆ 25 ಸಲ. ಕಣ್ಣಿಗೆ ಅದು ನಡುಕವಾಗಿ ಕಾಣುತ್ತದೆ. ಸುಮ್ಮನೆ ಕೂತವರು ನಡುಗುವುದಿಲ್ಲ, ಅದೇ ಗುರುತು.

ಇದರ ಕಿರಿಕಿರಿ ಏನೆಂದರೆ ಲ್ಯಾಪ್‌ಟಾಪಿನಲ್ಲಿ ಇದು ಗೊತ್ತೇ ಆಗದಿರಬಹುದು. ಅಲ್ಲಿನ ಪ್ಲೇಯರ್ ಎರಡು ಫೀಲ್ಡನ್ನೂ ಒಟ್ಟಿಗೇ ತೋರಿಸುತ್ತದೆ, ಇಲ್ಲವೇ ಒಂದನ್ನು ಎಸೆದು ಇನ್ನೊಂದರಿಂದ ಚಿತ್ರ ಕಟ್ಟುತ್ತದೆ. ಡಬ್ಬಾ ಟಿವಿ ಮಾತ್ರ ಬಂದ ಸರದಿಯಲ್ಲೇ ಗೆರೆ ಎಳೆಯುತ್ತದೆ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ. ಅಂಗಡಿಯವರು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ "ಸರಿ ಇದೆಯಲ್ಲ ಸಾರ್" ಅಂದಿದ್ದರಂತೆ. ಅವರು ಹೇಳಿದ್ದರಲ್ಲಿ ಮೋಸ ಇರಲಿಕ್ಕಿಲ್ಲ. ಬಾಚಣಿಗೆ ಹಲ್ಲಿನಂಥ ಗೆರೆ ಕಂಡ ಕೂಡಲೇ, ಎರಡು ಫೀಲ್ಡನ್ನು ಒಂದೇ ಚಿತ್ರ ಮಾಡುವ ಡಿಇಂಟರ್‌ಲೇಸ್ ಒತ್ತುವುದು ಇನ್ನೊಂದು ಅಭ್ಯಾಸ. ಟಿವಿಗೆ ಹೋಗುವ ಡಿಸ್ಕಿಗೆ ಅದು ಬೇಡ. ಅರ್ಧ ಚಲನೆ ಸತ್ತುಹೋಗುತ್ತದೆ. ಡಿವಿಡಿ ಇಂಟರ್‌ಲೇಸನ್ನು ಹಾಗೆಯೇ ಒಪ್ಪುತ್ತದೆ, ಮೇಲಿನದು ಮೊದಲಾಗಲಿ ಕೆಳಗಿನದಾಗಲಿ. ಯಾವುದು ಮೊದಲೆಂದು ಫೈಲಿನಲ್ಲಿ ನಿಜ ಬರೆದಿರಬೇಕು, ಅಷ್ಟೆ. ಪ್ರಾಜೆಕ್ಟ್ ಸೆಟ್ಟಿಂಗನ್ನು ಪಾಲ್, 720×576, 25 ಫ್ರೇಮ್, ಕೆಳ ಫೀಲ್ಡ್ ಮೊದಲು ಎಂದು ಕಟ್ಟುನಿಟ್ಟು ಮಾಡಿದ ಮೇಲೆ ಆ ಹೆಂಗಸು ನೆಟ್ಟಗೆ ನಡೆದಳು. ಇನ್ನೊಂದು ಮಾತು: ಬಹಳಷ್ಟು ತಂತ್ರಾಂಶಗಳು ತೆರೆದಾಗ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲೇ ಕೂತಿರುತ್ತವೆ, 720×480, 29.97 ಫ್ರೇಮು. ಅದನ್ನು ಹಾಗೇ ಬಿಟ್ಟರೆ ಎಷ್ಟು ತಿದ್ದಿದರೂ ಚಲನೆ ಮುಗ್ಗರಿಸುತ್ತಲೇ ಇರುತ್ತದೆ.

ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗ ಫೋನಿನಲ್ಲಿ ಶುಭಾಶಯ ಹೇಳಿ ಕಳಿಸಿದ್ದ, ಕೊನೆಗೆ ಸೇರಿಸು ಅಂತ. ಫೋನಿನ ವಿಡಿಯೋದಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಬೆಳಕು ಕಮ್ಮಿಯಾದರೆ ತಾನೂ ಕಮ್ಮಿಯಾಗುತ್ತದೆ. ಟೈಮ್‌ಲೈನಿಗೆ ಹಾಗೇ ಎಳೆದರೆ ಅವನ ಮಾತೂ ಬಾಯೂ ಬೇರೆಬೇರೆ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಸ್ಥಿರ 25 ಫ್ರೇಮಿಗೆ, 48 ಕಿಲೋಹರ್ಟ್ಸ್ ಧ್ವನಿಗೆ ಬದಲಿಸಿ ಆಮೇಲೆ ಹಾಕಿದೆ, ಸರಿಹೋಯಿತು.

ಮುಂದಿನದು ಗಣಿತ. ಡಿಸ್ಕ್ 4.7 ಜಿಬಿ ಅಂತ ಬರೆದಿರುತ್ತದೆ, ವಿಂಡೋಸ್ ಅದನ್ನೇ 4.37 ಅಂತ ತೋರಿಸುತ್ತದೆ. ಅಂಗಡಿಯವರು ಕದ್ದದ್ದಲ್ಲ, ಎಣಿಸುವ ಲೆಕ್ಕ ಬೇರೆ. 2 ಗಂಟೆ 50 ನಿಮಿಷವನ್ನೂ ಒಂದೇ ಡಿಸ್ಕಿಗೆ ತುರುಕಿದರೆ ಸೆಕೆಂಡಿಗೆ 3.7 ಮೆಗಾಬಿಟ್ ಕೂಡ ಸಿಗುವುದಿಲ್ಲ. ಸ್ಟುಡಿಯೋ ಸಿನಿಮಾಕ್ಕೆ ಅದು ನಡೆದೀತು. ವಿಎಚ್‌ಎಸ್‌ಗೆ ಕಷ್ಟ, ಯಾಕೆಂದರೆ ಅದರಲ್ಲಿ ಕಾಳುಕಾಳಾದ ಗದ್ದಲ ಜಾಸ್ತಿ. ಎಂಪೆಗ್-2 ಅದನ್ನೂ ಮುಖ್ಯ ವಿವರವೆಂದೇ ತಿಳಿದು ಅದಕ್ಕೆ ಬಿಟ್ ಸುರಿದು, ಮುಖಗಳಿಗೆ ಬೇಕಾದಾಗ ಕೈ ಖಾಲಿ ಮಾಡಿಕೊಂಡಿರುತ್ತದೆ. ನಾನು ಊಟದ ಪಂಕ್ತಿಯನ್ನೂ ಮುಯ್ಯಿಯ ಸಾಲನ್ನೂ ಕತ್ತರಿಸಿ ಎರಡು ಗಂಟೆಗೆ ಇಳಿಸಿದೆ. ಸರಾಸರಿ 4.4 ಮೆಗಾಬಿಟ್ ಚಿತ್ರಕ್ಕೆ, 192 ಕಿಲೋಬಿಟ್ ಎಸಿ-3 ಧ್ವನಿಗೆ. ಧ್ವನಿಯನ್ನು ಒತ್ತದೆ ಪಿಸಿಎಂ ಆಗಿ ಬಿಟ್ಟರೆ ಅದೊಂದೇ ಒಂದೂವರೆ ಮೆಗಾಬಿಟ್ ತಿನ್ನುತ್ತದೆ. ಡಿವಿಡಿಯಲ್ಲಿ ಚಿತ್ರಕ್ಕೆ ಗರಿಷ್ಠ 9.8 ಮೆಗಾಬಿಟ್ ಅಂತ ಇದ್ದರೂ ಮೇಲಿನ ಮಿತಿಯನ್ನು 8ಕ್ಕೆ ಕಟ್ಟಿದೆ; ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕನ್ನು ಹಳೆಯ ಪ್ಲೇಯರುಗಳು ಆ ವೇಗದಲ್ಲಿ ಓದಲು ಏದುಸಿರು ಬಿಡುತ್ತವೆ. ಎರಡು ಪಾಸ್‌ನಲ್ಲಿ, ಅಂದರೆ ಮೊದಲ ಸಲ ಅಳೆದು ಎರಡನೇ ಸಲ ಒತ್ತಿ, ಎನ್‌ಕೋಡ್ ಮಾಡಿದೆ. ಮೆನು ಕಟ್ಟಿದ್ದು ಡಿವಿಡಿಸ್ಟೈಲರ್‌ನಲ್ಲಿ. ಅದರಲ್ಲಿ ಚಿತ್ರಕ್ಕೂ ಧ್ವನಿಗೂ ಕಾಪಿ ಅಂತ ಆರಿಸಬೇಕು, ಇಲ್ಲದಿದ್ದರೆ ಒಮ್ಮೆ ಎನ್‌ಕೋಡ್ ಆದದ್ದನ್ನು ಮತ್ತೊಮ್ಮೆ ಹಿಂಡುತ್ತದೆ.

ಇಲ್ಲಿಂದ ನೇರವಾಗಿ ಡಿಸ್ಕಿಗೆ ಬರೆಯಲಿಲ್ಲ. ಇಡೀ ಡಿಸ್ಕಿನ ಪ್ರತಿಯಾದ ಐಎಸ್‌ಒ ಫೈಲ್ ಮಾಡಿ ಹಾರ್ಡ್‌ಡಿಸ್ಕಿನಲ್ಲೇ ಇಟ್ಟು, ವಿಎಲ್‌ಸಿಯಲ್ಲಿ ತೆರೆದು ಮೆನು, ಬಟನ್, ಅಧ್ಯಾಯ ಎಲ್ಲ ಒತ್ತಿ ನೋಡಿದೆ. ಇದರಿಂದ ದೊಡ್ಡ ಲಾಭ: ಐಎಸ್‌ಒದಲ್ಲಿ ಸರಿಯಿದ್ದು ಡಿಸ್ಕಿನಲ್ಲಿ ಕೆಟ್ಟರೆ ತಪ್ಪು ಬರ್ನಿಂಗ್‌ನದು, ಐಎಸ್‌ಒದಲ್ಲೇ ಕೆಟ್ಟಿದ್ದರೆ ಹಿಂದಿನದು. ಎಡಿಟಿಂಗ್ ಕಿಟಕಿಯಿಂದಲೇ ಬರ್ನ್ ಬಟನ್ ಒತ್ತುವ ತಂತ್ರಾಂಶಗಳಲ್ಲಿ ರಾತ್ರಿಯಿಡೀ ರೆಂಡರ್ ಆಗಿ, ಬೆಳಿಗ್ಗೆ ಒಂದು ಸಾಲಿನ ಎರರ್ ಬಿಟ್ಟು ಏನೂ ಉಳಿದಿರುವುದಿಲ್ಲ.

ಮೂರನೇ ಕಾಯಿಲೆ ಬರ್ನಿಂಗ್‌ನಲ್ಲೇ ಸಿಕ್ಕಿತು. ಸಿಡಿ ಡಿವಿಡಿಗಳಲ್ಲಿ ಬರಹ ಒಳಗಿನಿಂದ ಹೊರಗೆ ಸಾಗುತ್ತದೆ. ಆದ್ದರಿಂದ ಕೊನೆಯ ಅರ್ಧ ಗಂಟೆ ಅಂದರೆ ಡಿಸ್ಕಿನ ಹೊರ ಅಂಚು. ಅಗ್ಗದ ಡಿಸ್ಕುಗಳಲ್ಲಿ ಬಣ್ಣದ ಲೇಪ ಅಂಚಿನ ಕಡೆಗೇ ಏರುಪೇರಾಗಿರುತ್ತದೆ, ಅತಿ ವೇಗದಲ್ಲಿ ಬರೆದಿದ್ದರೆ ಪೆಟ್ಟು ಬೀಳುವುದೂ ಅಲ್ಲೇ. ಅಂಗಡಿಯ ಡಿಸ್ಕನ್ನು ಬೆಳಕಿಗೆ ಓರೆ ಹಿಡಿದರೆ ಬರೆದ ಭಾಗದ ಗಾಢ ಬಣ್ಣ ತುದಿಯವರೆಗೂ ಹಬ್ಬಿತ್ತು. ಮೇಲಿಂದ ಅದಕ್ಕೆ ವಧೂವರರ ಫೋಟೋದ ಕಾಗದ ಬೇರೆ ಅಂಟಿಸಿದ್ದರು. ಕಾಗದದ ಲೇಬಲ್ ಒಂದು ಬದಿಗೆ ಎಳ್ಳಷ್ಟು ಸರಿದರೂ ತಿರುಗುವಾಗ ತೂಕ ತಪ್ಪುತ್ತದೆ. ನಮ್ಮ ಕಡೆಯ ತೇವಕ್ಕೆ ಉಬ್ಬಿ ಡಿಸ್ಕನ್ನೇ ಬಗ್ಗಿಸುತ್ತದೆ.

ಕೈಯಲ್ಲಿದ್ದ ಬಿಡಿ ಡಿಸ್ಕುಗಳನ್ನು ಬದಿಗಿಟ್ಟು ಒಮ್ಮೆ ಮಾತ್ರ ಬರೆಯಬಹುದಾದ ಒಳ್ಳೆಯ ಡಿವಿಡಿ-ಆರ್ ತರಿಸಿದೆ. ಬರೆಯುವ ತಂತ್ರಾಂಶ ಇಮ್ಗ್‌ಬರ್ನ್‌ನಲ್ಲಿ ವೇಗ 8ಎಕ್ಸ್. ಎಷ್ಟು ನಿಧಾನವೋ ಅಷ್ಟು ಒಳ್ಳೆಯದು ಅನ್ನುವ ನಂಬಿಕೆ ಪೂರ್ತಿ ನಿಜವಲ್ಲ. 16ಎಕ್ಸ್‌ಗೆಂದು ಮಾಡಿದ ಲೇಪಕ್ಕೆ ತೀರಾ ನಿಧಾನದ ಬರಹವೂ ಹಿಡಿಸದೆ ಇರಬಹುದು; ನಡುವಿನ ವೇಗ ಸುರಕ್ಷಿತ. ಡಿಸ್ಕನ್ನು 4.2 ಜಿಬಿಯ ಆಸುಪಾಸಿಗೆ ನಿಲ್ಲಿಸಿ ಅಂಚನ್ನು ಖಾಲಿ ಬಿಟ್ಟೆ. ಬರೆದ ಮೇಲೆ ವೆರಿಫೈ, ಅಂದರೆ ಬರೆದದ್ದನ್ನು ಓದಿ ತಾಳೆ ನೋಡುವುದು, ಆಗಲೇಬೇಕು, ಹೊತ್ತು ಹಿಡಿದರೂ. ಹೆಸರನ್ನು ಮಾರ್ಕರಿನಲ್ಲಿ, ನಡುವಿನ ಪಾರದರ್ಶಕ ಉಂಗುರದ ಮೇಲೆ.

ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕಿನಲ್ಲಿ ಒಮ್ಮೆ ಪರೀಕ್ಷೆ ಮಾಡಿ ಊರಿಗೆ ಒಯ್ದಿದ್ದೆ. ನನ್ನ ಡ್ರೈವಿನಲ್ಲಿ ಓಡಿದ್ದು ಚಿಕ್ಕಮ್ಮನ ಪ್ಲೇಯರಿನಲ್ಲಿ "ನೋ ಡಿಸ್ಕ್". ಆರ್‌ಡಬ್ಲ್ಯೂ ಬೆಳಕನ್ನು ಹಿಂದಕ್ಕೆ ಕಳಿಸುವುದು ಬಹಳ ಕಮ್ಮಿ, ಹಳೆಯ ಲೆನ್ಸಿಗೆ ಅದು ಕಾಣುವುದೇ ಇಲ್ಲ. ಇದನ್ನು ನೋಡಿ ಎನ್‌ಕೋಡಿಂಗ್ ಮೇಲೆ ಅನುಮಾನಪಟ್ಟಿದ್ದರೆ ಮತ್ತೊಂದು ವಾರ ಹೋಗುತ್ತಿತ್ತು. ಜೊತೆಗೇ ತಂದಿದ್ದ ಡಿವಿಡಿ-ಆರ್ ಹಾಕಿದರೆ ಮೆನು ಬಂತು. ಅದಕ್ಕೂ ಮೊದಲು ಟ್ರೇಯ ಒಳಗಿನ ಧೂಳು ಊದಿದ್ದೆ. ಯಕ್ಷಗಾನದ ಡಿಸ್ಕುಗಳೂ ಈಗ ಮುಗ್ಗರಿಸುವುದಿಲ್ಲವಂತೆ.

ದಿಬ್ಬಣ, ಧಾರೆ, ಸಪ್ತಪದಿ, ಎಲ್ಲ ನಿಲ್ಲದೆ ಓಡಿತು. ಕೊನೆಯ ಅರ್ಧ ಗಂಟೆಯಲ್ಲಿ ನಾನು ಚಿತ್ರಕ್ಕಿಂತ ಪ್ಲೇಯರಿನ ಸದ್ದನ್ನೇ ಕೇಳುತ್ತ ಕೂತಿದ್ದೆ. ಮುಗಿದ ಮೇಲೆ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಊಟದ್ದು ಎಲ್ಲಿ?"

"ಅದು ಉದ್ದ ಇತ್ತು ಚಿಕ್ಕಮ್ಮ, ಬರೀ ಎಲೆ ಮುಂದೆ ಕೂತವ್ರು..."

"ಎಲ್ಲರ ಮುಖ ಇರೋದೇ ಅಲ್ಲಿ. ಮಂಟಪದಲ್ಲಿ ಭಟ್ಟರ ಬೆನ್ನು ಬಿಟ್ರೆ ಏನಿದೆ?"

ಮಾತು ನ್ಯಾಯವಾಗಿತ್ತು. ಕ್ಯಾಪ್ಚರ್ ಮಾಡಿದ 37 ಜಿಬಿಯನ್ನು ಅಳಿಸಿರಲಿಲ್ಲವಾದ್ದರಿಂದ ಕ್ಯಾಸೆಟ್ಟನ್ನು ಮತ್ತೆ ಮುಟ್ಟಬೇಕಾಗಲಿಲ್ಲ. ಕತ್ತರಿಸಿದ 50 ನಿಮಿಷವನ್ನು ಅದೇ ಸೆಟ್ಟಿಂಗಿನಲ್ಲಿ, 7 ಮೆಗಾಬಿಟ್ ಧಾರಾಳವಾಗಿ ಕೊಟ್ಟು ಎರಡನೇ ಡಿಸ್ಕಿಗೆ ಹಾಕಿದೆ. ಜಾಗ ಬೇಕಾದಷ್ಟು ಇದ್ದದ್ದರಿಂದ ಹೋಳಿಗೆ ಬಡಿಸುವವನ ಮುಖ ಮೊದಲ ಡಿಸ್ಕಿನ ವರನ ಮುಖಕ್ಕಿಂತ ಚೆನ್ನಾಗಿ ಬಂದಿದೆ. ಪ್ರತಿ ಪಂಕ್ತಿಗೂ ಒಂದು ಅಧ್ಯಾಯ ಇಟ್ಟಿದ್ದೇನೆ. ರಿಮೋಟಿನ ನೆಕ್ಸ್ಟ್ ಬಟನ್ ಎಲ್ಲಿದೆಯೆಂದು ಚಿಕ್ಕಮ್ಮನಿಗೆ ಗೊತ್ತು.